ಗಾಜನೂರಿನವರೆಗೆ

ಡಿಸೆಂಬರು. ಬೆಳಗಿನ ನಾಲ್ಕೂವರೆ.
ಎಂಬತ್ತು ಟ್ರೇ ಮೊಟ್ಟೆ ಹೊತ್ತ ನನ್ನ ಓಮ್ನಿ
ಗೋಪಾಳದ ತಿರುವಿನಲ್ಲೇ ಶುರು ಹಚ್ಚಿಕೊಳ್ಳುತ್ತದೆ:
ದಡ್ ದಡ್ ದಡ್ ದಡ್.
ಕುದುರೆಯಾಗಿದ್ದರೆ ಲಾಳ ನೋಡಬಹುದಿತ್ತು.
ಸ್ಪೀಡು ಏರಿಸಿದರೆ ಬೇಗ, ಇಳಿಸಿದರೆ ನಿಧಾನ,
ಚಕ್ರದ್ದೇ ಲೆಕ್ಕ, ಇಂಜಿನ್ನಿನದಲ್ಲ.
ಅಷ್ಟು ನನಗೂ ಗೊತ್ತು.

ಗಾಜನೂರಿನಲ್ಲಿ ಡ್ಯಾಮಿನ ದೀಪ ಹಿಂದಾಗುವ ಹೊತ್ತಿಗೆ
ಸದ್ದು, ಯಾರೋ ಕರೆದಂತೆ, ಎದ್ದು ಹೋಗಿರುತ್ತದೆ.
ಸಕ್ರೆಬೈಲಿನಲ್ಲಿ ಗಾಡಿ ಬೆಣ್ಣೆ.
ಮಂಡಗದ್ದೆಯಲ್ಲಿ ಹಸನಬ್ಬನ ಅಂಗಡಿ ಮುಂದೆ ನಿಂತು
ನಡುಗ್ತದೆ ಕಾಕಾ, ಅಂದರೆ
ಅವನು ಗಾಡಿ ಬಿಟ್ಟು ನನ್ನನ್ನೇ ನೋಡುತ್ತಾನೆ.
ತೀರ್ಥಹಳ್ಳಿಯಲ್ಲಿ ಇಳಿಸುವಾಗ
ಅಡಿಯ ಟ್ರೇಯಲ್ಲಿ ಎಂಟೋ ಹತ್ತೋ, ಕೂದಲೆಳೆ ಬಿರುಕು.
ಹೋಟೆಲಿನವರಿಗೆ ಅರ್ಧ ರೇಟು, ಆಮ್ಲೆಟ್ಟಿಗೆ.

ಮೂರು ಸಲ ಹೋದೆ.
ಮೊದಲ ಸಲ ಜ್ಯಾಕ್ ಕೊಟ್ಟು ಎತ್ತಿ
ರಿಮ್ಮಿನ ಒಳಮೈಯಲ್ಲಿ ಇಟ್ಟಿಗೆಯಾಗಿದ್ದ ಮಳೆಗಾಲದ ಕೆಮ್ಮಣ್ಣನ್ನು
ಕೆತ್ತಿ ನನ್ನ ಕೈಗಿಟ್ಟ:
"ಇದೂ ತೂಕ ಕೆಡಿಸ್ತದೆ.
ಆದ್ರೆ ಇದು ಗಾಜನೂರಲ್ಲಿ ಇಳಿದು ಹೋಗೂದಿಲ್ಲ."
ಎರಡನೇ ಸಲ ನಟ್ಟು ಬಿಗಿದ, ಬಿಗಿಯಾಗೇ ಇದ್ದವು.
ಮೂರನೇ ಸಲ ಏನೂ ಮುಟ್ಟಲಿಲ್ಲ.
"ಜ್ವರ ಬಿಟ್ಟ ಮೇಲೆ ರೋಗಿಯನ್ನ ಕರ್ಕೊಂಡು ಬರ್ತೀ ಮಾರಾಯ್ತಿ.
ಕಾದ ಟೈರು ಸುಳ್ಳು ಹೇಳ್ತದೆ.
ಚಳಿ ಇರುವಲ್ಲಿಗೆ ನಾನೇ ಬರ್ಬೇಕು."

ಬಂದ. ಕಡೇ ಬಸ್ಸಿಗೆ ಬಂದು
ಟ್ಯಾಂಕ್ ಮೊಹಲ್ಲಾದ ಅಳಿಯನ ಮನೆಯಲ್ಲಿ ಮಲಗಿ
ನಾಲ್ಕಕ್ಕೆ, ಮಫ್ಲರಿನೊಳಗಿಂದ ಎರಡು ಕಣ್ಣು.
ಸ್ಟಾರ್ಟ್ ಮಾಡಗೊಡಲಿಲ್ಲ. ಮೊದಲು ಮೀಟರು ಒತ್ತಿದ.
ನಿನ್ನೆ ಮಧ್ಯಾಹ್ನ ಓಡಿ ಬಂದಾಗ ಮೂವತ್ತಿದ್ದದ್ದು ಈಗ ಇಪ್ಪತ್ತೈದು.
"ಗಾಳಿ ಎಲ್ಲೂ ಹೋಗಿಲ್ಲ, ಒಳಗೇ ಮುದುಡಿ ಕೂತಿದೆ."
ಮೊಣಕಾಲೂರಿ, ಟಾರ್ಚು ಬಾಯಲ್ಲಿ ಕಚ್ಚಿ
ಟೈರು ನೆಲ ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆದ,
ನಾಲ್ಕಕ್ಕೂ.
ಸ್ವಲ್ಪ ಮುಂದೆ ತಗೋ, ಅಂದ. ತಗೊಂಡೆ.
ಗೆರೆ ಮೇಲೆ ಬಂತು. ಅಲ್ಲಿ ಸವರು, ಅಂದ.
ದುಂಡಗಿರಬೇಕಾದಲ್ಲಿ ನಾಲ್ಕು ಬೆರಳು ಚಪ್ಪಟೆ.
ತಣ್ಣಗೆ, ನಮ್ಮ ಸಿಮೆಂಟು ಅಂಗಳದ ಅಚ್ಚು.

"ನೈಲಾನು. ಸಂಜೆಯೇ ಮೊಟ್ಟೆ ತುಂಬಿ ನಿಲ್ಸ್ತೀ,
ಭಾರ ಹೊತ್ತು ರಾತ್ರಿಯಿಡೀ ಒಂದೇ ಮಗ್ಗುಲು, ಚಳಿ ಬೇರೆ.
ಏಳುವಾಗ ಹಾಗೇ ಸೆಟೆದಿರ್ತದೆ.
ಓಡಿ ಬಿಸಿಯಾದ್ರೆ ಮತ್ತೆ ದುಂಡಗೆ.
ರೋಗ ಅಲ್ಲ ಇದು."

ಆದರೂ ಹತ್ತಿ ಕೂತ, ಡ್ಯಾಶ್‌ಬೋರ್ಡಿಗೆ ಅಂಗೈ ಕೊಟ್ಟು, ಕಣ್ಣು ಮುಚ್ಚಿ.
ದಡ್ ದಡ್. "ಸ್ಟೇರಿಂಗಿಗೋ, ಸೀಟಿಗೋ?"
ಸೀಟಿಗೆ. ಸೊಂಟದಲ್ಲಿ.
"ಹಿಂದಿನವು ಹಾಗಾದ್ರೆ. ಮೊಟ್ಟೆ ಅಲ್ಲೇ ಅಲ್ವಾ."
ತುಂಗೆಯ ಮಂಜು ರಸ್ತೆಗೆ ಹತ್ತಿ ಕೂತಿತ್ತು.
ಗಾಜನೂರು. ಸದ್ದು ತೆಳುವಾಯಿತು. ದಡ್. ದ.
ಇಲ್ಲ.

ನಾನು ನಕ್ಕೆ. ಅವನು ನಗಲಿಲ್ಲ.
ಕಿಟಕಿ ಇಳಿಸು, ಅಂದ. ಈಗ ಕೇಳು.
ಇಷ್ಟು ದಿನ ಆ ದಡಬಡದ ಅಡಿಯಲ್ಲಿ ಮುಚ್ಚಿಹೋಗಿದ್ದದ್ದು,
ಎಡಗಡೆ ಹಿಂದಿನಿಂದ, ಸಣ್ಣಗೆ,
ಕಾಳಿಲ್ಲದ ಬೀಸುಕಲ್ಲು ತಿರುಗಿದ ಹಾಗೆ.
ಬಲಕ್ಕೆ ತಿರುವಿದರೆ ಹೆಚ್ಚು. ಎಡಕ್ಕೆ ತಿರುವಿದರೆ ಸುಮ್ಮನೆ.
"ಬೇರಿಂಗು," ಅಂದ, ಮರೆತ ಹೆಸರು ನೆನಪಾದಂತೆ.
"ಕೂಗುವವನ ಪಕ್ಕ ಗೊಣಗುವವನು ಕೂತಿದ್ದ, ನೋಡು."

ಬೇರಿಂಗು ಹಾಕಿಸಿಯಾಯಿತು.
ಟೈರಿನ ದುಡ್ಡು ಸಂಕ್ರಾಂತಿ ಕಳೆದ ಮೇಲೆ.
ಅಲ್ಲಿಯವರೆಗೆ ರಾತ್ರಿ ಒಂದಕ್ಕೆ ಎದ್ದು
ಚಾದರ ಹೊದ್ದೇ ಅಂಗಳಕ್ಕೆ ಬಂದು
ಹ್ಯಾಂಡ್‌ಬ್ರೇಕ್ ಇಳಿಸಿ, ಹೆಗಲು ಕೊಟ್ಟು
ಗಾಡಿಯನ್ನು ಒಂದು ಗೇಣು ತಳ್ಳುತ್ತೇನೆ,
ಕಾವಿಗೆ ಕೂತ ಕೋಳಿ ಕತ್ತಲಲ್ಲೇ ಮೊಟ್ಟೆ ಹೊರಳಿಸುವ ಹಾಗೆ.
ಎದುರುಮನೆಯ ರಾಜೀವಮ್ಮ ಕಿಟಕಿ ತೆರೆದು
ಯಾರದು, ಅನ್ನುತ್ತಾರೆ.
ನಾನೇ ವಾರಿಜಾ, ಅನ್ನುತ್ತೇನೆ.
ಮಗ್ಗುಲು ಬದಲಿಸ್ತಾ ಇದ್ದೀನಿ.